ಮುಕ್ಕಾಲು ಇಂಚು

ಬೀದಿಯ ಮಕ್ಕಳು ಅವನನ್ನು ಇಂಚುಮಾಮ ಎಂದು ಕರೆಯುತ್ತಿದ್ದರು. ದೊಡ್ಡವರು ಎದುರಿಗೆ 'ಟೈಲರ್ರೇ' ಎನ್ನುತ್ತಿದ್ದರು, ಬೆನ್ನ ಹಿಂದೆ ಅವರೂ ಇಂಚುಮಾಮ ಎಂದೇ ಅನ್ನುತ್ತಿದ್ದರು. ಅದರಲ್ಲಿ ಅವರ ತಪ್ಪೇನಿಲ್ಲ. ಅವನು ಲೋಕದಲ್ಲಿ ಯಾವುದನ್ನೂ ಇಂಚು ಬಿಟ್ಟು ಬೇರೆ ಅಳತೆಯಲ್ಲಿ ಹೇಳಿದವನಲ್ಲ. ನಲ್ಲಿ ನೀರು ಹೇಗೆ ಬರ್ತಿದೆ ಎಂದರೆ 'ಕಾಲಿಂಚು ದಾರ' ಎನ್ನುತ್ತಿದ್ದ. ಮಗಳು ಹುಟ್ಟಿದ ದಿನ ನರ್ಸಮ್ಮ ಹೊರಗೆ ಬಂದು ತೂಕ ಹೇಳಿದರೆ, 'ಉದ್ದ ಎಷ್ಟಮ್ಮ?' ಎಂದು ಕೇಳಿದ್ದ. ಆಕೆ ನಕ್ಕು ಒಳಗೆ ಹೋದಳು. ಇವನು ಕೊರಳಲ್ಲಿದ್ದ ಟೇಪು ತೆಗೆದು, ಯಾರೂ ಬೇಡ ಅನ್ನುವ ಮೊದಲೇ ಮಗುವನ್ನು ಅಳೆದುಬಿಟ್ಟಿದ್ದ. ಹತ್ತೊಂಬತ್ತೂ ಕಾಲು. ಆ ಮಗಳು ಈಗ ಗಂಡನ ಮನೆಯಲ್ಲಿದ್ದಾಳೆ, ಆ ಅಳತೆ ಮಾತ್ರ ಇನ್ನೂ ಇವನ ಪುಸ್ತಕದಲ್ಲಿದೆ.

ಅಂಗಡಿ ಎಂದರೆ ಎರಡಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಂದು ಕತ್ತರಿಸುವ ಮೇಜು, ಒಂದು ಕಾಲು ತುಳಿತದ ಮೆಷಿನ್ನು, ಮೂಲೆಯಲ್ಲಿ ಬಿರುಕು ಬಿಟ್ಟ ನಿಲುಗನ್ನಡಿ. ಎತ್ತರದ ಗಿರಾಕಿ ನೆಟ್ಟಗೆ ನಿಂತರೆ ಮೆಟ್ಟಿಲಿಗೆ ತಲೆ ಬಡಿಯುವುದು ಖಂಡಿತ. ಪರದೆಯ ಹಿಂದೆ ಹೆಂಡತಿ ಕೂತು ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಅವಳು ಕೈಯಲ್ಲೇ ಹಾಕುತ್ತಿದ್ದ ದಾರದ ಅಂಚು, ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಗಟ್ಟಿಯಾಗಿಯೇ ಇರುತ್ತಿತ್ತು.

ಇನ್ನು ಆ ಅಳತೆ ಪುಸ್ತಕ. ದಪ್ಪ ರಟ್ಟಿನದು, ಮೂವತ್ತು ವರ್ಷ ದಾಟಿದ್ದು, ಅಂಚೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಅದರಲ್ಲಿ ಬರೀ ಅಂಕಿ ಇರಲಿಲ್ಲ. 'ಬಲ ಭುಜ ಇಳಿದಿದೆ', 'ಕುತ್ತಿಗೆ ಮುಂದೆ', 'ಉಸಿರು ಹಿಡಿಯುತ್ತಾನೆ, ಹೊಟ್ಟೆಗೆ ಒಂದೂವರೆ ಸೇರಿಸು' ಎಂದೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿರುತ್ತಿತ್ತು. ಟೇಪು ಸೊಂಟಕ್ಕೆ ಬಂದ ಕೂಡಲೇ ಗಂಡಸಾದವನು ಹೊಟ್ಟೆ ಎಳೆದುಕೊಳ್ಳುವುದು ಲೋಕರೂಢಿ. ಆಗ ಇಂಚುಮಾಮ, 'ನಿಮ್ಮ ಅತ್ತೆಯವರು ಬಂದಿದ್ದಾರಂತೆ, ಹೌದಾ?' ಎಂದು ಕೇಳುತ್ತಿದ್ದ. ಎಂಥ ಧೀರನಾದರೂ ಒಂದು ನಿಟ್ಟುಸಿರು ಬಿಡುತ್ತಿದ್ದ, ನಿಜವಾದ ಅಳತೆ ಸಿಗುತ್ತಿತ್ತು. ಇದನ್ನು ಬರೆಯುತ್ತಿರುವವನ ಸೊಂಟವೂ ಆ ಪುಸ್ತಕದಲ್ಲಿದೆ. ಅದರ ಮುಂದೆ ಇರುವ ಟಿಪ್ಪಣಿಯನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಟೇಪಿಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗಬಾರದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ನಿಯಮ. ನಮ್ಮೂರ ಶಾಲೆಯ ಮೇಷ್ಟ್ರ ವಿಷಯವೂ ಹಾಗೇ. ಮೊದಲ ಸಲ ಬಂದಾಗ ಅವರು ಇನ್ನೂ ಮೂವತ್ತರ ಹುಡುಗ, ಕೆಲಸಕ್ಕೆ ಹೊಸದಾಗಿ ಸೇರಿದ್ದರು. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಖುಷಿಯಾಗಿ ಕೈ ಚಾಚಿ ನಿಂತಿದ್ದರು. ಇಂಚುಮಾಮ ಬಲಗೈ ಅಳೆದ, ಎಡಗೈ ಅಳೆದ, ಇನ್ನೊಮ್ಮೆ ಎಡಗೈ ಅಳೆದ. 'ಎಡಗೈ ಮುಕ್ಕಾಲು ಇಂಚು ಗಿಡ್ಡ' ಎಂದು ಬರೆದುಕೊಂಡು, 'ಶುಕ್ರವಾರ ಬನ್ನಿ ಸಾರ್' ಎಂದ. ಅಷ್ಟೇ. ಅಂದಿನಿಂದ ಮೇಷ್ಟ್ರ ಪ್ರತಿ ಅಂಗಿಗೂ ಎಡತೋಳು ಮುಕ್ಕಾಲು ಇಂಚು ಕಡಿಮೆ. ಅವರು ಮದುವೆಯಾದರು, ಹೆಡ್‌ಮಾಸ್ಟರಾದರು, ನಿವೃತ್ತರಾದರು. ಮೂವತ್ತೊಂದು ವರ್ಷ ಎರಡೂ ಕೈಗಳ ಮಣಿಕಟ್ಟಿನಲ್ಲಿ ಸಮವಾಗಿ ಕೂತ ಬಿಳಿ ತೋಳುಪಟ್ಟಿಗಳನ್ನು ಬೀಸಿಕೊಂಡು ಓಡಾಡಿದರು. ತಮ್ಮ ಕೈಗಳಲ್ಲಿ ಒಂದು ಅಣ್ಣ, ಇನ್ನೊಂದು ತಮ್ಮ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ಬಸ್ ನಿಲ್ದಾಣದ ಮೂಲೆಯಲ್ಲಿ ಮೂರಂತಸ್ತಿನ ಗಾಜಿನ ರೆಡಿಮೇಡ್ ಅಂಗಡಿ ಎದ್ದಿತು. ಮೊದಲು ಹುಡುಗರು ಇಂಚುಮಾಮನನ್ನು ಬಿಟ್ಟು ಹೋದರು. ಅವರ ಹಿಂದೆ ಅಪ್ಪಂದಿರು ಹೋದರು. ಕೊನೆಗೆ ಉಳಿದದ್ದು ಯಾವ ಕಂಪನಿಯೂ ಒಪ್ಪದ ಮೈಯವರು: ಅತಿ ದಪ್ಪ, ಅತಿ ಸಣಕಲು, ಬೆನ್ನು ಬಾಗಿದವರು. ಸ್ವಲ್ಪ ದಿನದಲ್ಲಿ ದಪ್ಪಗಿನವರಿಗೂ ಅಲ್ಲಿ ಬೇರೆ ಕಪಾಟು ಬಂತು. ಕಾಲರು ಸವೆದರೆ ಬಿಚ್ಚಿ ತಿರುಗಿಸಿ ಹೊಲಿಸುವುದು, ಅಣ್ಣನ ಪ್ಯಾಂಟು ತಮ್ಮನಿಗೆ ಕತ್ತರಿಸುವುದು, ಎಲ್ಲ ನಿಂತಿತು. ಈಗ ಅಂಗಿಯ ಮಡಿಕೆಯ ಗೆರೆ ಮಾಸುವ ಮೊದಲೇ ಅದು ಸ್ಕೂಟರು ಒರೆಸಲು ಹೋಗುತ್ತಿತ್ತು. ಹಾಗಂತ ಆ ಅಂಗಡಿಯನ್ನು ಬಾಯಿ ತುಂಬ ಬೈಯಲೂ ಅವನಿಂದ ಆಗುತ್ತಿರಲಿಲ್ಲ. ಬೀದಿ ಗುಡಿಸುವ ಹೆಂಗಸು ತನ್ನ ಇಬ್ಬರು ಮಕ್ಕಳಿಗೂ ಹೊಸ ಅಂಗಿ ಹಾಕಿಸಿ ಶಾಲೆಗೆ ಕಳಿಸುವುದನ್ನು ಅವನು ದಿನಾ ನೋಡುತ್ತಿದ್ದ. ಅವನು ಮಾತ್ರ ಹದಿನಾರು ತುಂಬುವವರೆಗೂ ಅಪ್ಪನ ಹಳೆ ಅಂಗಿಯೊಳಗೇ ಬೆಳೆದವನು.

ತಪ್ಪು ಶುರುವಾದದ್ದು ಕಣ್ಣಿನ ಪೊರೆ ತೆಗೆಸಿದಾಗ. ಒಂದು ತಿಂಗಳು ಸೂಜಿ ಮುಟ್ಟಬೇಡಿ ಎಂದರು ಡಾಕ್ಟರು. ಆದರೆ ಔಷಧಿ ಅಂಗಡಿಯವನಿಗೆ ಬಿಳಿ ಅಂಗಿಯೊಂದನ್ನು ಕೊಡುತ್ತೇನೆ ಎಂದು ಮೊದಲೇ ಒಪ್ಪಿಕೊಂಡಿದ್ದ. ಬೇರೆ ದಾರಿ ಕಾಣದೆ, ಕಪ್ಪು ಕನ್ನಡಕ ಹಾಕಿಕೊಂಡು, ಯಾರಾದರೂ ನೋಡಿದರೆ ಬಿಸಿಲಿಗೆ ಒಳಗೆ ಬಂದೆ ಎಂದರಾಯಿತು ಎಂದು ಧೈರ್ಯ ತಂದುಕೊಂಡು, ಗಾಜಿನ ಅಂಗಡಿಯ ಬಾಗಿಲು ನೂಕಿದ. ತಲೆಯಿಲ್ಲದ ಬೊಂಬೆಗಳು ಸಾಲಾಗಿ ಅಂಗಿ ಹಾಕಿಕೊಂಡು ನಿಂತಿದ್ದವು. ಒಂದಕ್ಕೂ ಭುಜ ಇಳಿದಿರಲಿಲ್ಲ, ಒಂದೂ ಉಸಿರು ಹಿಡಿದಿರಲಿಲ್ಲ. ಇಂಥ ಗಿರಾಕಿಗಳು ಸಿಕ್ಕರೆ ಯಾರು ಬೇಕಾದರೂ ಹೊಲಿಯಬಹುದು ಎಂದುಕೊಂಡ.

"ಅಂಕಲ್, ನಿಮಗಾ? ಸೈಜ್ ಎಷ್ಟು?" ಎಂದಳು ಮಾರಾಟದ ಹುಡುಗಿ.

ಊರಿನವರ ಮೈಯನ್ನೆಲ್ಲ ಅಳೆದವನಿಗೆ ತನ್ನ ಸೈಜು ಗೊತ್ತಿರಲಿಲ್ಲ. ಅವನನ್ನು ಯಾರೂ ಅದನ್ನು ಕೇಳಿರಲೂ ಇಲ್ಲ. "ನನಗಲ್ಲಮ್ಮ, ನಮ್ಮ... ನಮ್ಮ ಅಣ್ಣನಿಗೆ. ಎದೆ ನಲವತ್ತೊಂದು, ತೋಳು ಇಪ್ಪತ್ತನಾಲ್ಕೂವರೆ..."

"ಅಷ್ಟೆಲ್ಲ ಬೇಡ ಅಂಕಲ್. ನಲವತ್ತೆರಡು ತಗೊಳ್ಳಿ. ಎಲ್ರಿಗೂ ಆಗುತ್ತೆ."

ಮನೆಗೆ ತಂದು ಬಿಡಿಸಿ ನೋಡಿದ. ಹೊಲಿಗೆ ಕೂದಲೆಳೆಯಷ್ಟೂ ಅತ್ತಿತ್ತ ಓಡಿರಲಿಲ್ಲ. ಇಂಥದ್ದೊಂದು ಇಡೀ ಅಂಗಿ, ಅವನು ಬರೀ ಬಟ್ಟೆಗೆ ಕೊಡುವುದಕ್ಕಿಂತ ಅಗ್ಗಕ್ಕೆ ಬಂದಿತ್ತು. ಕಂಪನಿಯ ಲೇಬಲ್ಲು ಬಿಚ್ಚಿ, ಕತ್ತರಿಯ ಚಿತ್ರವಿರುವ ತನ್ನ ಲೇಬಲ್ಲು ಕೂರಿಸಿ, ಎಂದಿನಂತೆ ಹೆಂಡತಿಯ ಕೈಯಲ್ಲಿ ಹಳೆ ಪೇಪರು ಸುತ್ತಿಸಿ ಕೊಟ್ಟ. ಔಷಧಿಯವನು ಹಾಕಿಕೊಂಡು ನೋಡಿ, "ಕಣ್ಣು ಆಪರೇಷನ್ ಆದ್ಮೇಲೆ ನಿಮ್ಮ ಕೈ ಇನ್ನೂ ಚುರುಕಾಗಿದೆ ಬಿಡಿ!" ಎಂದ. ಮೂವತ್ತು ವರ್ಷದಲ್ಲಿ ಆ ಮಹಾನುಭಾವ ಹೊಲಿಗೆ ಹೊಗಳಿದ್ದು ಅದೇ ಮೊದಲು. ಇಂಚುಮಾಮನ ಕಿವಿ ಬಿಸಿಯಾಯಿತು. ಆದರೂ ಹೊಗಳಿಕೆಯನ್ನು ಜೇಬಿಗಿಳಿಸಿಕೊಂಡ.

ಕಣ್ಣು ತಿಂಗಳಿಗೆ ವಾಸಿಯಾಯಿತು, ಕೈ ಮಾತ್ರ ವಾಸಿಯಾಗಲಿಲ್ಲ. ಬಟ್ಟೆ ನೀವೇ ಹಾಕಿ ಹೊಲಿಯಿರಿ ಎನ್ನುವ ಗಿರಾಕಿಗಳಿಗೆಲ್ಲ ಇದೇ ಉಪಾಯ ನಡೆಯಿತು. ಹೆಂಡತಿಗೆ, "ನಿನ್ನ ಕಣ್ಣಿಗೂ ವಯಸ್ಸಾಯ್ತು, ಕಾಜಾ ಎಲ್ಲ ಮೆಷಿನ್ನಿನವರ ಹತ್ರ ಹಾಕಿಸ್ತೀನಿ" ಎಂದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, "ಆಗಲಿ" ಎಂದಳು. ಅಳತೆ ಪುಸ್ತಕ ತೆರೆಯುವ ಕೆಲಸವೂ ತಪ್ಪಿತು. ಮೂವತ್ತೆಂಟು, ನಲವತ್ತು, ನಲವತ್ತೆರಡು, ನಲವತ್ತನಾಲ್ಕು: ಇಡೀ ಊರಿನ ಗಂಡಸರು ಈ ನಾಲ್ಕು ಅಂಕಿಯಲ್ಲಿ ಹಿಡಿಸಿಬಿಟ್ಟರು. ಟೇಪು ಕೊರಳಿನಿಂದ ಮೊಳೆಗೆ ಹೋಯಿತು.

ಮೇಷ್ಟ್ರ ಅಂಗಿಗೆ ಮಾತ್ರ ಹೀಗೆ ಮಾಡುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದ. ಒಂದು ಸೋಮವಾರ ಅವರು ಬಂದು, "ಟೈಲರ್ರೇ, ಭಾನುವಾರ ಹಳೇ ವಿದ್ಯಾರ್ಥಿಗಳೆಲ್ಲ ಸೇರ್ತಿದ್ದಾರೆ. ನಾನು ಮಾತಾಡಬೇಕಂತೆ. ಎರಡು ಬಿಳಿ ಅಂಗಿ. ಅಳತೆ ಬೇಕಾ?" ಎಂದರು.

"ಪುಸ್ತಕದಲ್ಲಿದೆಯಲ್ಲ ಸಾರ್" ಎಂದ ಇವನು.

ಮಂಗಳವಾರ ಬಟ್ಟೆ ತರೋಣ ಎಂದುಕೊಂಡ. ಬುಧವಾರ ಮೆಷಿನ್ನಿಗೆ ಎಣ್ಣೆ ಬಿಟ್ಟ. ಗುರುವಾರ ಗಾಜಿನ ಅಂಗಡಿಗೆ ಹೋಗಿ, ಪುಸ್ತಕ ತೆರೆಯದೆಯೇ, "ನಲವತ್ತು ಸೈಜು, ಎರಡು ಅಂಗಿ" ಎಂದ.

ಹತ್ತು ದಿನ ಕಳೆದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತರು. ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೊಂಡಿದ್ದರು, ಬಿಟ್ಟರೆ ಎಲ್ಲಾದರೂ ಹೋದೀತು ಅನ್ನುವಂತೆ. ಮುಖ ಇಳಿದಿತ್ತು.

"ಟೈಲರ್ರೇ, ನನ್ನ ಎಡಗೈ ಗಿಡ್ಡ ಆಗ್ತಾ ಇದೆ" ಎಂದರು.

ಇಂಚುಮಾಮನ ಕಾಲು ಮೆಷಿನ್ನಿನ ಮೇಲೆ ನಿಂತುಹೋಯಿತು.

"ಅವತ್ತು ಭಾಷಣಕ್ಕೆ ನಿಂತೆ. ಬಲಗೈಲಿ ಮೈಕು, ಎಡಗೈಲಿ ಚೀಟಿ. ನೋಡ್ತೀನಿ, ತೋಳು ಇಳಿದು ಚೀಟೀನೇ ಮುಚ್ಚಿಬಿಟ್ಟಿದೆ. ಮನೆಗೆ ಬಂದು ಇನ್ನೊಂದು ಅಂಗಿ ಹಾಕ್ಕೊಂಡೆ, ಅದೂ ಹಾಗೇ. ಹಳೇ ಅಂಗಿ ನೋಡೋಣ ಅಂದ್ರೆ, ಹೊಸದು ಬಂತಲ್ಲ ಅಂತ ನಮ್ಮನೆಯವಳು ಎಲ್ಲಾನೂ ಪಾತ್ರೆಯವನಿಗೆ ಕೊಟ್ಟುಬಿಟ್ಟಿದ್ದಾಳೆ. ಡಾಕ್ಟ್ರ ಹತ್ರ ಹೋದೆ. ಅವರು ಅಳೆದು, ಹೌದು, ಎಡಗೈ ಮುಕ್ಕಾಲು ಇಂಚು ಕಮ್ಮಿ ಇದೆ, ಯಾವಾಗಿಂದ ಅಂದ್ರು. ಹೋದ ಭಾನುವಾರದಿಂದ ಅಂದೆ. ಗಾಬರಿಯಾದ್ರು ಪಾಪ."

"ಅಂಗಿ..." ಎಂದ ಇಂಚುಮಾಮ.

"ಅಂಗಿ ತಪ್ಪಿರಬಹುದು ಅಂತ ನಮ್ಮನೆಯವಳೂ ಅಂದ್ಲು. ಬೈದೆ ಅವಳಿಗೆ. ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ಒಂದು ನೂಲು ತಪ್ಪಿಲ್ಲ ಕಣೇ, ತಪ್ಪಿದ್ರೆ ನನ್ನ ಕೈಯೇ ತಪ್ಪಿರಬೇಕು ಅಂದೆ." ಮೇಷ್ಟ್ರು ಎಡಗೈಯನ್ನು ಮೆಲ್ಲಗೆ ಸವರಿದರು. "ನರದ ಕಾಯಿಲೆಯೋ ಮೂಳೆಯದೋ ಗೊತ್ತಿಲ್ಲ. ನಾಡಿದ್ದು ದೊಡ್ಡಾಸ್ಪತ್ರೆಗೆ ಹೋಗಬೇಕು. ಮಗಳಿಗೂ ಬಾ ಅಂದಿದ್ದೀನಿ. ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ನಲ್ಲ, ಅದನ್ನೂ ನಿಲ್ಲಿಸಿದೆ. ಮನಸ್ಸು ನಿಲ್ಲಲ್ಲ. ಡಾಕ್ಟ್ರು, ಮೊದಲು ಎಷ್ಟಿತ್ತು ಅನ್ನೋದಕ್ಕೆ ದಾಖಲೆ ಇದೆಯಾ ಅಂದ್ರು. ಇದೆ ಸ್ವಾಮಿ, ನಮ್ಮ ಟೈಲರ್ ಹತ್ರ ಇದೆ ಅಂದೆ. ಸ್ವಲ್ಪ ಆ ಪುಸ್ತಕ ನೋಡ್ತೀರಾ?"

ಪುಸ್ತಕ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಇಂಚುಮಾಮ ಅದರ ಮೇಲೆ ಮೊಣಕೈ ಊರಿದ.

"ಪುಸ್ತಕ... ಮನೇಲಿದೆ ಸಾರ್. ನಾಳೆ ತರ್ತೀನಿ."

"ಮರೀಬೇಡಿ" ಎಂದು ಎದ್ದ ಮೇಷ್ಟ್ರು, ಹೊಸಿಲು ದಾಟುವಾಗ ಎಡಗೈಯಿಂದ ಬಾಗಿಲ ಚೌಕಟ್ಟನ್ನು ಒತ್ತಿ ನೋಡಿದರು, ಶಕ್ತಿ ಇದೆಯೋ ಇಲ್ಲವೋ ಎಂದು. ಅದನ್ನು ನೋಡಬಾರದಿತ್ತು ಅನ್ನಿಸಿತು ಇಂಚುಮಾಮನಿಗೆ. ಪುಸ್ತಕ ತೆರೆದರೆ ಮೇಷ್ಟ್ರ ಭಯ ಆ ಕ್ಷಣವೇ ಹೋಗುತ್ತದೆ, ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಗೊತ್ತಿದ್ದೂ ಈ ಸಲ ತೋಳು ಯಾಕೆ ತಪ್ಪಿತು?

ಪರದೆ ಸರಿಯಿತು. ಹೆಂಡತಿ ಹೊರಗೆ ಬಂದು, ಅವನ ಮೊಣಕೈ ಎತ್ತಿ ಪಕ್ಕಕ್ಕಿಟ್ಟು, ಪುಸ್ತಕ ತೆಗೆದು ಅವನ ಮುಂದೆ ಹಾಕಿದಳು.

"ಮನೇಲಿದೆಯಂತೆ. ನಡೀರಿ, ಹುಡುಕೋಣ."

"ಅದಲ್ವೇ..."

"ಮೇಷ್ಟ್ರ ಕೈ ಏನೂ ಗಿಡ್ಡ ಆಗಿಲ್ಲ. ನಿಮ್ಮ ನಾಲಿಗೆ ಗಿಡ್ಡ ಆಗಿದೆ."

"ನಿನಗೆ... ಗೊತ್ತಾ?"

"ಮೂವತ್ತು ವರ್ಷ ಕಾಜಾ ಹಾಕಿದವಳ ಕೈಗೆ ಅಂಗಿ ಕೊಟ್ಟು ಪೇಪರ್ ಸುತ್ತು ಅಂದ್ರಿ. ಗೊತ್ತಾಗಲ್ವಾ ನನಗೆ? ಔಷಧಿಯವನ ಅಂಗಿಯಿಂದಾನೂ ಗೊತ್ತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಇಡೀ ವರ್ಷ ಕಾದೆ. ಹೇಳಲಿಲ್ಲ. ನನಗೇ ನಾಚಿಕೆ ಆಗಿ ಸುಮ್ಮನಾದೆ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಬೈಯದೇ ಇದ್ದದ್ದೇ ಅವನನ್ನು ತಿಂದಿತು. ಸಂಜೆಯ ಹೊತ್ತಿಗೆ ಅವನಿಗೊಂದು ಬುದ್ಧಿ ಹೊಳೆಯಿತು. ಪುಸ್ತಕ ತೋರಿಸುವುದು. ನಿಮ್ಮ ಕೈ ಮೊದಲಿಂದಲೂ ಹಾಗೇ ಸಾರ್, ಈ ಸಲ ಅವಸರದಲ್ಲಿ ಎಡತೋಳು ಕಮ್ಮಿ ಮಾಡೋದು ಮರೆತೆ ಅನ್ನುವುದು. ಮೇಷ್ಟ್ರ ಜೀವವೂ ತಣ್ಣಗಾಯಿತು, ತನ್ನ ಮರ್ಯಾದೆಗೂ ಒಂದು ಸಣ್ಣ ಗೀರು, ಅಷ್ಟೇ.

ಹೆಂಡತಿಗೆ ಹೇಳಿದ. ಅವಳು ಪಾತ್ರೆ ತೊಳೆಯುತ್ತ ತಿರುಗಿಯೂ ನೋಡದೆ, "ಮರೆತೆ ಅಂದ್ರೆ ಹೊಲಿದೆ ಅಂತ ಆಯ್ತಲ್ಲ" ಎಂದಳು.

ಮರುದಿನ ಬೆಳಿಗ್ಗೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಆ ಸಣ್ಣ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಮೇಷ್ಟ್ರ ಮನೆಗೆ ಹೋದ. ಅವರು ಜಗುಲಿಯಲ್ಲಿ ಕೂತು ಆಸ್ಪತ್ರೆಗೆ ಒಯ್ಯಬೇಕಾದ ಕಾಗದಗಳನ್ನು ಜೋಡಿಸುತ್ತಿದ್ದರು. ಇಂಚುಮಾಮ ಪುಟ ತೆರೆದು ಬೆರಳಿಟ್ಟು ತೋರಿಸಿದ. ಪೆನ್ಸಿಲ್ಲಿನ ಅಕ್ಷರ ಮಸುಕಾಗಿತ್ತು, ಓದಲು ಬರುತ್ತಿತ್ತು. ಅವಸರದಲ್ಲಿ ಮರೆತೆ ಸಾರ್ ಎಂಬ ಮಾತೂ ಸಲೀಸಾಗಿ ಬಂತು, ಪಾಠ ಚೆನ್ನಾಗಿಯೇ ಆಗಿತ್ತು.

ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿದರು. ಅವರ ಭುಜ ಕೆಳಗಿಳಿಯಿತು, ಕಣ್ಣು ಒದ್ದೆಯಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಏ, ಬಾರೇ ಇಲ್ಲಿ! ನಾನು ಹುಟ್ಟಾ ಗಿಡ್ಡಗೈಯವನಂತೆ ಕಣೇ! ಮಗಳಿಗೆ ಫೋನ್ ಮಾಡು, ಬರೋದು ಬೇಡ ಅನ್ನು!"

ಒಳಗಿನಿಂದ ಅವರ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ನಾನು ಹೇಳಿದ್ರೆ ಕೇಳಿದ್ರಾ? ಅಂಗಿ ನೋಡಿ ಅಂದೆ, ಬೈದ್ರಿ. ಕೂತ್ಕೊಳ್ಳಿ ಟೈಲರ್ರೇ, ಕಾಫಿ ತರ್ತೀನಿ."

"ಹೋಗಲಿ ಬಿಡಿ, ಮನುಷ್ಯ ಅಂದ್ಮೇಲೆ ಮರೆವು ಇರುತ್ತೆ" ಎಂದರು ಮೇಷ್ಟ್ರು. ಇಂಚುಮಾಮನ ಎದೆ ಹಗುರಾಯಿತು. ಏಳಬೇಕು ಅನ್ನುವಷ್ಟರಲ್ಲಿ ಅವರು ಮುಂದುವರಿಸಿದರು. "ತೋಳು ಹಾಳಾಗಿ ಹೋಗಲಿ, ಹೊಲಿಗೆ ಮಾತ್ರ ಏನು ಹೊಲಿಗೆ ರೀ! ಅವತ್ತು ಭಾಷಣದಲ್ಲಿ ನಿಮ್ಮ ವಿಷಯಾನೇ ಹೇಳಿದೆ. ಎಲ್ಲಾನೂ ಕಾರ್ಖಾನೆಯಿಂದ ಉದುರೋ ಕಾಲ ಇದು, ಚಮಚದಿಂದ ಹಿಡಿದು ಚಪ್ಪಲಿವರೆಗೆ ಒಂದೇ ಅಚ್ಚು. ಆದ್ರೆ ನಮ್ಮೂರಲ್ಲಿ ಇನ್ನೂ ಒಬ್ಬ ಇದ್ದಾನೆ, ಮನುಷ್ಯನನ್ನ ನೋಡಿ ಅಂಗಿ ಹೊಲಿಯೋನು, ಅಂದೆ. ಕಾಲರ್ ಎತ್ತಿ ನಿಮ್ಮ ಲೇಬಲ್ ತೋರಿಸಿದೆ. ಇನ್ನೂರು ಜನ ರೀ, ಚಪ್ಪಾಳೆ ತಟ್ಟಿದ್ರು. ಮುಂದಿನ ಸಾಲಿನವನೊಬ್ಬ ಬಂದು ಹೊಲಿಗೆ ಮುಟ್ಟಿ ನೋಡಿ, ಕಾರ್ಖಾನೆ ಮೆಷಿನ್ ಹೊಲಿದ ಹಾಗಿದೆ ಅಂದ. ನಾನಂದೆ, ಮೆಷಿನ್ ಕಲೀಬೇಕು ಕಣೋ ಇವರ ಹತ್ರ, ಅಂತ!"

ಕಾಫಿ ಬಂತು. ಇಂಚುಮಾಮ ಲೋಟ ಹಿಡಿದ. ಕುಡಿಯದೆ ಕೆಳಗಿಟ್ಟ. ತಲೆ ಎತ್ತಲಾಗಲಿಲ್ಲ. ನೆಲದ ಮೇಲಿದ್ದ ಮೇಷ್ಟ್ರ ಚಪ್ಪಲಿಗಳಿಗೆ ಹೇಳಿದ.

"ಅದು ನಾನು ಹೊಲಿದದ್ದಲ್ಲ ಸಾರ್."

"ಏನು?"

"ಅಂಗಡೀದು. ಬಸ್ ನಿಲ್ದಾಣದ ಹತ್ರದ್ದು. ನಲವತ್ತು ಸೈಜು. ತಂದು, ಲೇಬಲ್ಲು ಮಾತ್ರ ನಂದು ಹಾಕಿದೆ. ನಿಮಗೊಬ್ಬರಿಗೇ ಅಲ್ಲ. ಒಂದು ವರ್ಷದಿಂದ, ಎಲ್ಲರಿಗೂ."

ಮೇಷ್ಟ್ರು ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ಮತ್ತೆ ಜೋಡಿಸತೊಡಗಿದರು. ಶಾಲೆಯಲ್ಲಿ ಬೆತ್ತ ಹಿಡಿಯದೆ ಬರೀ ಮೌನದಿಂದಲೇ ಮಕ್ಕಳನ್ನು ಅಳಿಸುತ್ತಿದ್ದ ಮೇಷ್ಟ್ರು ಅವರು. ಐವತ್ತೆಂಟು ದಾಟಿದ ಇಂಚುಮಾಮ ಆ ಮೌನದ ಕೆಳಗೆ ಮೂರನೇ ಕ್ಲಾಸಿನವನಂತೆ ಕೂತಿದ್ದ.

"ಇನ್ನೂರು ಜನರ ಮುಂದೆ ಕಾಲರ್ ಎತ್ತಿ ತೋರಿಸಿದೆನಲ್ಲ ರೀ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಮೂವತ್ತೊಂದು ವರ್ಷ ನನ್ನ ಕೈ ಗಿಡ್ಡ ಅಂತ ನನಗೆ ಹೇಳಲಿಲ್ಲ. ಈಗ ಅಂಗಿ ನಿಮ್ಮದಲ್ಲ ಅಂತಾನೂ ಹೇಳಲಿಲ್ಲ. ಎರಡರಲ್ಲಿ ಯಾವುದಕ್ಕೆ ಸಿಟ್ಟು ಮಾಡ್ಕೊಳ್ಳಲಿ, ಯಾವುದಕ್ಕೆ ಕೈ ಮುಗೀಲಿ, ನೀವೇ ಹೇಳಿ."

ಇಂಚುಮಾಮ ಪುಸ್ತಕ ಮುಚ್ಚಿದ. "ಅಂಗಿ ಕೊಡಿ ಸಾರ್, ತೋಳು ಸರಿ ಮಾಡಿಕೊಡ್ತೀನಿ" ಎಂದ.

"ತೋಳು ಬೇಡ. ಮಡಚಿಕೊಳ್ತೀನಿ." ಮೇಷ್ಟ್ರು ಒಳಗೆ ಹೋಗಿ ಎರಡೂ ಅಂಗಿ ತಂದು ಅವನ ಮಡಿಲಿಗೆ ಹಾಕಿದರು. "ಲೇಬಲ್ಲು ಬಿಚ್ಚಿ ಕೊಡಿ."

ಮೇಷ್ಟ್ರ ಹೆಂಡತಿ ಒಂದು ಸೂಜಿ ತಂದುಕೊಟ್ಟು, ಏನೂ ಕೇಳದೆ ಒಳಗೆ ಹೋದರು. ಇಂಚುಮಾಮ ಜಗುಲಿಯ ಅಂಚಿನಲ್ಲಿ ಕೂತು ಒಂದೊಂದೇ ಹೊಲಿಗೆ ಎತ್ತಿದ. ಬೇಗ ಬಿಚ್ಚಲು ಬರಲಿಲ್ಲ. ಕೈಯಲ್ಲಿ ಹೊಲಿದದ್ದು, ಒತ್ತೊತ್ತಾಗಿ, ಮೂಲೆಗೆ ನಾಲ್ಕು ಸಲ ತಿರುಗಿಸಿ ಗಂಟು ಹಾಕಿದ್ದು. ಆ ಎರಡು ಅಂಗಿಗಳಲ್ಲಿ ಅವನು ಹೊಲಿದದ್ದು ಅಂತ ಇದ್ದದ್ದು ಅದೊಂದೇ. ಕಾಫಿ ಅಲ್ಲೇ ಪಕ್ಕದಲ್ಲಿ ಕೆನೆ ಕಟ್ಟಿತು.

ಈಗ ಮೇಷ್ಟ್ರು ದಿನಾ ಬೆಳಿಗ್ಗೆ ಅಂಗಡಿಯ ಮುಂದೆಯೇ ವಾಕಿಂಗ್ ಹೋಗುತ್ತಾರೆ, ಅದೇ ಬಿಳಿ ಅಂಗಿ, ಎಡತೋಳು ಒಂದು ಮಡಿಕೆ ಮಡಚಿಕೊಂಡು. ಯಾಕೆ ಸಾರ್ ಒಂದೇ ತೋಳು ಮಡಚಿದ್ದೀರಿ ಎಂದು ಯಾರಾದರೂ ಕೇಳಿದರೆ, "ನನ್ನ ಕೈ ಹುಟ್ಟಾ ಗಿಡ್ಡ ಕಣ್ರೀ, ಮೊನ್ನೆ ಗೊತ್ತಾಯ್ತು" ಎಂದು ನಗುತ್ತಾರೆ. ಯಾರು ಹೇಳಿದರು, ಹೇಗೆ ಗೊತ್ತಾಯಿತು ಎಂಬುದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಔಷಧಿಯವನಿಗೂ ಇಲ್ಲ. ಔಷಧಿಯವನಿಗೆ ಇಂಚುಮಾಮನೇ ಹೋಗಿ ಹೇಳಿದ. ಅವನು, "ಅಯ್ಯೋ, ಅಷ್ಟೇನಾ! ನಾನೂ ಮಾತ್ರೆ ಮಾಡಲ್ಲ, ತಂದು ಮಾರ್ತೀನಿ" ಎಂದು ಬೆನ್ನು ತಟ್ಟಿದ. ಆ ಸಮಾಧಾನ ಇಂಚುಮಾಮನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಟೇಪು ಮತ್ತೆ ಕೊರಳಿಗೆ ಬಂದಿದೆ. ಅಂಗಡಿಯ ಮೊಳೆಗೆ ಒಂದು ಬಿಳಿ ಅಂಗಿ ನೇತಾಡುತ್ತಿದೆ. ಎಡತೋಳು ಮುಕ್ಕಾಲು ಇಂಚು ಕಡಿಮೆ, ಕಾಜಾ ಹೆಂಡತಿಯದು, ಲೇಬಲ್ಲು ಇಲ್ಲ. ಬೆನ್ನಿನ ಹೊಲಿಗೆ ಒಂದು ಕಡೆ ಕೂದಲೆಳೆ ಅತ್ತ ಓಡಿದೆ. ಅದು ಸಿದ್ಧವಾಗಿ ತಿಂಗಳಾಯಿತು. ಬೆಳಿಗ್ಗೆ ಮೇಷ್ಟ್ರ ಚಪ್ಪಲಿ ಸದ್ದು ಕೇಳಿದ ಕೂಡಲೇ ಇಂಚುಮಾಮ ಎದ್ದು ಅಂಗಿಯ ಮೇಲೆ ಕೈಯಿಡುತ್ತಾನೆ. "ನಮಸ್ಕಾರ ಟೈಲರ್ರೇ" ಎಂದು ಆ ಮಡಚಿದ ತೋಳು ಮೇಲೇಳುತ್ತದೆ. ಇವನು ಅಂಗಿಯನ್ನು ಮೊಳೆಯಿಂದ ತೆಗೆಯುತ್ತಾನೆ, 'ನಮಸ್ಕಾರ ಸಾರ್' ಎಂದಷ್ಟೇ ಅನ್ನುತ್ತಾನೆ. ಅಷ್ಟರಲ್ಲಿ ಮೇಷ್ಟ್ರು ತಿರುವು ದಾಟಿರುತ್ತಾರೆ.

ಪರದೆಯ ಹಿಂದಿನಿಂದ ಹೆಂಡತಿ ಕೇಳುತ್ತಾಳೆ, "ಇವತ್ತೂ ಇಲ್ವಾ?"

"ನಾಳೆ" ಎನ್ನುತ್ತಾನೆ. ಅಂಗಿಯ ಮೇಲಿನ ಧೂಳು ಕೊಡವಿ, ಮತ್ತೆ ಅದೇ ಮೊಳೆಗೆ ತೂಗಿಹಾಕುತ್ತಾನೆ.